ಆ ಫೋಟೋ ಮಾತ್ರ ಯಾಕೆ ಇಳಿಸಬೇಕಿತ್ತು?

ಪೋಸ್ಟ್ ಉದ್ದ ಇದೆ, ಊಟ ಆದ ಮೇಲೆ ಪುರುಸೊತ್ತಾಗಿ ಓದಿ.

ಹೋದ ವಾರ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಒಂದು ವಿಡಿಯೋ ಹಾಕಿದ್ದರು. ಗುಜರಾತಿನ ಕಚ್. ಬೆಳ್ಳಗೆ ಹಾಸಿಕೊಂಡ ಉಪ್ಪಿನ ಮರುಭೂಮಿ, ಮೇಲಿಂದ ಡ್ರೋನ್, ಹಿಂದೆ ಕೊಳಲಿನ ಸಂಗೀತ. ಕಾರು ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿಯುತ್ತೆ. ದುಂಡನೆ ಮಣ್ಣಿನ ಮನೆಗಳು, ಗೋಡೆ ತುಂಬ ಕನ್ನಡಿ ಚೂರು, ತಲೆ ಬಗ್ಗಿಸಿ ಕಸೂತಿ ಹಾಕ್ತಿರೋ ಹೆಂಗಸರು. ಕೆಳಗೆ ಒಂದು ಸಾಲು: ಜಗತ್ತು ಮರೆತ ಆದಿವಾಸಿ ಕಲೆಗಾರರ ಹಳ್ಳಿ. ಗ್ರೂಪಿನಲ್ಲಿ ನಲವತ್ತು ಹೃದಯದ ಗುರುತು ಬಿದ್ದವು. ನಾನು ಏನೂ ಒತ್ತಲಿಲ್ಲ. ಯಾಕಂದ್ರೆ ಅದು ಆದಿವಾಸಿ ಹಳ್ಳಿ ಅಲ್ಲ. ಅದು ನಮ್ಮ ಕೇರಿ.

ನಮ್ಮ ಅಂದ್ರೆ ಮೇಘವಾಳರ ಕೇರಿ. ಗುಜರಾತಿನಲ್ಲಿ ಅವರು ಪರಿಶಿಷ್ಟ ಜಾತಿ. ತೊಗಲು ಹದ ಮಾಡಿದವರು, ಮಗ್ಗ ನೂಕಿದವರು, ಊರ ಹೊರಗೆ ಇದ್ದವರು. ನಾನು ಸಮಗಾರ, ಅಥಣಿ ಸೀಮೆಯವನು. ನನಗೆ ಆ ಗೋಡೆ ನೋಡಿದ ತಕ್ಷಣ ಗೊತ್ತಾಗಲಿಕ್ಕೆ ಒಂದು ಕಾರಣ ಇದೆ. ನಾನು ಆ ಕಡೆ ಹೋಗಿ ಬಂದಿದ್ದೀನಿ.

2023ರ ಡಿಸೆಂಬರ್. ಎಲ್‌ಟಿಸಿ ಸಿಕ್ಕಿತ್ತು. ಆಫೀಸಿನವರೆಲ್ಲ ಕಾಶ್ಮೀರಕ್ಕೆ ಹೋಗು, ಅಂಡಮಾನ್‌ಗೆ ಹೋಗು ಅಂದ್ರು. ನಾನು ನನ್ನ ಹೆಂಡತಿ ಕಚ್‌ಗೆ ಹೋದ್ವಿ. ಊನಾ ನಡೆದ ಮೇಲಿಂದ ಗುಜರಾತಿನ ನಮ್ಮ ಜನರನ್ನ ಒಂದು ಸಲ ಕಣ್ಣಾರೆ ನೋಡಬೇಕು ಅಂತ ಇತ್ತು. ನೆನಪಿಲ್ಲದವರಿಗೆ: 2016ರ ಜುಲೈ 11ರಂದು ಊನಾ ತಾಲೂಕಿನಲ್ಲಿ ಸತ್ತ ಹಸುವಿನ ಚರ್ಮ ಸುಲೀತಿದ್ದ ನಮ್ಮ ಹುಡುಗರನ್ನ ಕಾರಿಗೆ ಕಟ್ಟಿ, ಊರೆಲ್ಲ ನೋಡೋ ಹಾಗೆ ಹೊಡೆದರು. ಅದಾದ ಮೇಲೆ ಸುರೇಂದ್ರನಗರದಲ್ಲಿ ನಮ್ಮವರು ಸತ್ತ ದನಗಳನ್ನ ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರು. ಅಹಮದಾಬಾದಿನಿಂದ ಊನಾವರೆಗೆ ನಡೆದರು. ನಿಮ್ಮ ಹೆಣ ನಾವು ಹೊರಲ್ಲ, ನಮಗೆ ಭೂಮಿ ಕೊಡಿ ಅಂದರು. ಆ ವರ್ಷ ನಮ್ಮ ತಾಲೂಕಿನಲ್ಲೂ ಒಂದು ಪ್ರತಿಭಟನೆ ಮಾಡಿದ್ವಿ. ನಾನೇ ಮೈಕ್ ಹಿಡಿದಿದ್ದೆ.

ಭುಜ್ ಊರಲ್ಲಿ ಒಂದು ಬಾಡಿಗೆ ಕಾರು ಮಾಡಿಕೊಂಡ್ವಿ. ಡ್ರೈವರ್ ಬನ್ನಿ ಹುಲ್ಲುಗಾವಲಿನ ಮಾಲಧಾರಿ ಮನೆತನದ ಮುಸ್ಲಿಂ ಹುಡುಗ. ಮಾಲಧಾರಿ ಅಂದ್ರೆ ಎಮ್ಮೆ, ದನ ಸಾಕೋರು. ಭುಜ್‌ನಿಂದ ಉತ್ತರಕ್ಕೆ ಖಾವ್ಡಾ ರಸ್ತೆ ಹಿಡಿದರೆ ಒಂದು ಕಡೆ ಕರ್ಕಾಟಕ ಸಂಕ್ರಾಂತಿ ವೃತ್ತ ಅಂತ ಬೋರ್ಡ್ ಬರುತ್ತೆ, ಎಲ್ಲರೂ ಇಳಿದು ಸೆಲ್ಫಿ ತಗೋತಾರೆ, ನಾವೂ ತಗೊಂಡ್ವಿ. ಆಮೇಲೆ ಭಿರಂಡಿಯಾರಾ. ಅಲ್ಲಿ ಹಾಲು ಕಾಯಿಸಿ ಮಾಡೋ ಮಾವಾ ಸಿಗುತ್ತೆ, ತಿನ್ನದೆ ಬರಬೇಡಿ. ಅಲ್ಲಿಂದ ಎಡಕ್ಕೆ ತಿರುಗಿದರೆ ಧೋರ್ಡೊ, ಬಿಳಿ ರಣ್, ಟೆಂಟ್ ಸಿಟಿ, ರಣ್ ಉತ್ಸವ. ಆ ವರ್ಷ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಧೋರ್ಡೊಗೆ ಅತ್ಯುತ್ತಮ ಪ್ರವಾಸಿ ಹಳ್ಳಿ ಅಂತ ಹೆಸರು ಕೊಟ್ಟಿತ್ತು. ಜನ ಜಾತ್ರೆ.

ನಾವು ಅಲ್ಲಿ ಒಂದು ಸಂಜೆ ಇದ್ದು, ಮಾರನೇ ದಿನ ಒಳದಾರಿಗೆ ಬಂದ್ವಿ. ಎರಡೂ ಕಡೆ ಬಳ್ಳಾರಿ ಜಾಲಿ. ಹೌದು, ನಮ್ಮ ಬಳ್ಳಾರಿ ಜಾಲಿಯೇ. ಅಲ್ಲಿ ಅದಕ್ಕೆ ಹುಚ್ಚು ಜಾಲಿ ಅನ್ನೋ ಅರ್ಥದಲ್ಲಿ ಗಾಂಡೋ ಬಾವಳ್ ಅಂತಾರೆ. 1960ರ ದಶಕದಲ್ಲಿ ಉಪ್ಪು ಹರಡೋದನ್ನ ತಡೀಲಿಕ್ಕೆ ಅಂತ ಅರಣ್ಯ ಇಲಾಖೆ ನೆಡ್ತು, ಅದು ಹುಲ್ಲನ್ನೇ ತಿಂದು ಹಾಕ್ತು. 1955ರಲ್ಲೇ ಬನ್ನಿಯನ್ನ ರಕ್ಷಿತ ಅರಣ್ಯ ಅಂತ ಘೋಷಣೆ ಮಾಡಿದ್ದಾರೆ. ಡ್ರೈವರ್ ಹುಡುಗನ ಮನೆತನ ಎಷ್ಟೋ ತಲೆಮಾರಿಂದ ಅಲ್ಲೇ ಇದೆ, ಕಾಗದ ಮಾತ್ರ ಇಲ್ಲ. ದಿನಾ ಪಹಣಿ, ಖಾತೆ ಅಂತ ಕಡತ ತಿರುವೋ ಗುಮಾಸ್ತ ನಾನು, ಆ ಹುಡುಗ ಹೇಳಿದ್ದು ಕೇಳಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ಅದು ಇನ್ನೊಂದು ದೊಡ್ಡ ಕತೆ, ಇನ್ನೊಂದು ದಿನ ಬರೀತೀನಿ.

ನಾವು ಹೋದ ಊರಿನ ಹೆಸರು ಹಾಕಲ್ಲ. ಸೀಸನ್‌ನಲ್ಲಿ ಆ ಮನೆಯವರಿಗೆ ತೊಂದರೆ ಆಗೋದು ಬೇಡ. ಊರಿಂದ ಸ್ವಲ್ಪ ದೂರಕ್ಕೆ ಹತ್ತು ಹನ್ನೆರಡು ಮನೆ ಬೇರೆಯಾಗಿ ನಿಂತಿದ್ದವು. ಅದನ್ನ ನೋಡಿದ ಕೂಡಲೇ ನನ್ನ ಹೆಂಡತಿ, "ಇದು ನಮ್ಮವರ ಓಣಿ ಇದ್ದಂಗ ಐತಿ ನೋಡ್ರಿ" ಅಂದ್ಲು. ಊರು ಯಾವ ರಾಜ್ಯದ್ದಾದರೇನು, ಆ ನಡುವಿನ ಖಾಲಿ ಜಾಗ ನಮಗೆ ಗುರುತು ಸಿಗುತ್ತೆ.

ಮನೆಗೆ ಅಲ್ಲಿ ಭುಂಗಾ ಅಂತಾರೆ. ದುಂಡು ಗೋಡೆ, ಮೇಲೆ ಹುಲ್ಲಿನ ಟೋಪಿ. 2001ರ ಜನವರಿ 26ರ ಭೂಕಂಪದಲ್ಲಿ ಭುಜ್‌ನ ಎಷ್ಟೋ ಕಾಂಕ್ರೀಟ್ ಕಟ್ಟಡ ಬಿದ್ದಾಗ ಇಂಥ ಭುಂಗಾಗಳು ಬಹಳಷ್ಟು ನಿಂತೇ ಇದ್ದವು. ಒಳಗೆ ಗೋಡೆ ಮೇಲೆ ಮಣ್ಣು, ಸಗಣಿ ಕಲಸಿ ಬೆರಳಲ್ಲಿ ಎಳೆದ ಚಿತ್ತಾರ, ನಡುನಡುವೆ ಕನ್ನಡಿ. ಬಾಗಿಲಿಂದ ಬಿಸಿಲು ಬಿದ್ದರೆ ಮನೆಯೆಲ್ಲ ಮಿಂಚುತ್ತೆ. ಮನೆಯ ಯಜಮಾನ ನನಗಿಂತ ಹತ್ತು ವರ್ಷ ದೊಡ್ಡವರು, ತೊಗಲಿನ ಕೆಲಸ. ಚಪ್ಪಲಿ, ಚೀಲ, ಕನ್ನಡಿ ಚೌಕಟ್ಟು, ಬೀಸಣಿಗೆ. ಅವರ ಸೊಸೆ ಕಸೂತಿ ಹಾಕ್ತಿದ್ಲು. ಅದರಲ್ಲಿ ಸೂಫ್ ಅಂತ ಒಂದು ಬಗೆ, ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸಿ ಎಣಿಸಿ ಹಾಕೋದು. ನನ್ನ ಹೆಂಡತಿ ಧಾರವಾಡ ಕಸೂತಿ ಕಲಿತವಳು, ಅದೂ ಎಳೆ ಎಣಿಸೋದೇ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಹತ್ತು ನಿಮಿಷದಲ್ಲಿ ಒಂದೇ ಬಟ್ಟೆ ಇಬ್ಬರ ಕೈಲಿತ್ತು.

ನಾನು ಯಜಮಾನರ ಹತ್ತಿರ ಹರಕುಮುರುಕು ಹಿಂದಿಯಲ್ಲಿ, ಕಾಕಾ, ನಿಮ್ಮದು ಯಾವ ಸಮಾಜ ಅಂತ ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆ ನೋಟ ನನಗೆ ಗೊತ್ತು. ಇವನು ಯಾರು, ಯಾಕೆ ಕೇಳ್ತಿದಾನೆ, ನಿಜ ಹೇಳಿದರೆ ಚಹಾ ಕುಡೀತಾನಾ ಇಲ್ವಾ ಅಂತ ಅಳೆಯೋ ನೋಟ. ನಾನೇ ಮೊದಲು ಹೇಳಿದೆ, ನಮ್ಮಜ್ಜ, ಅಪ್ಪ ಚಪ್ಪಲಿ ಹೊಲೀತಿದ್ರು ಅಂತ. ಅವರು ನನ್ನ ಕೈ ಹಿಡಿದು ಹೆಬ್ಬೆರಳು ಸವರಿ ನೋಡಿ ನಕ್ಕರು. ಉಳಿ ಹಿಡಿದ ಗುರುತು ಇಲ್ಲ, ಪೆನ್ನು ಹಿಡಿದ ಕೈ ಅಂತ. ಆಮೇಲೆ ಗೋಡೆ ತೋರಿಸಿದರು. ಕನ್ನಡಿ ಕೆಲಸದ ನಡುವೆ ಎರಡು ಫೋಟೋ. ಒಂದು ಬಿಳಿ ಕುದುರೆ ಮೇಲೆ ಕೂತ ರಾಮದೇವ್ ಪೀರ್, ಮೇಘವಾಳರು ನಡೆದುಕೊಳ್ಳೋ ದೇವರು. ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರು. ಜೈ ಭೀಮ್ ಅಂದೆ. ಜೈ ಭೀಮ್ ಅಂದರು. ಚಹಾ ಬಂತು.

ಚಹಾ ಕುಡೀತಿರುವಾಗಲೇ ಎರಡು ಇನ್ನೋವಾ ಬಂದು ನಿಂತವು. ಆರೇಳು ಜನ, ದೊಡ್ಡ ದೊಡ್ಡ ಕ್ಯಾಮೆರಾ. ಒಳ್ಳೆಯವರೇ, ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ಒಳಗೆ ಬಂದರು. ಎಲ್ಲರಿಗೂ ಖುಷಿಯೋ ಖುಷಿ. ಅದರಲ್ಲಿ ಒಬ್ಬ ಹೆಣ್ಣುಮಗಳು ಗೋಡೆ ನೋಡಿ, ಬಹಳ ಮೆತ್ತಗೆ, ಭಯ್ಯಾ ಸ್ವಲ್ಪ ಆ ಕ್ಯಾಲೆಂಡರ್ ತೆಗೀತೀರಾ, ಆ ಪ್ಲಾಸ್ಟಿಕ್ ಕುರ್ಚಿ, ಟಿವಿ ವೈರು, ಸಾಂಪ್ರದಾಯಿಕ ನೋಟ ಹಾಳಾಗುತ್ತೆ ಅಂದ್ಲು. ಯಜಮಾನರು ತೆಗೆದರು. ಆಮೇಲೆ ಆಕೆ, ಆ ಫೋಟೋ ಕೂಡಾ ಅಂದ್ಲು. ಬಾಬಾಸಾಹೇಬರ ಫೋಟೋ. ಅವರು ಅದನ್ನೂ ಇಳಿಸಿದರು. ಹೆಗಲ ಮೇಲಿನ ಬಟ್ಟೆಯಿಂದ ಗಾಜು ಒರೆಸಿ, ಮಂಚದ ಮೇಲೆ ಮಲಗಿಸಿದರು.

ರಾಮದೇವ್ ಪೀರ್ ಅಲ್ಲೇ ಇದ್ದರು. ಕುದುರೆ ಇದೆ, ಪೇಟ ಇದೆ, ಭರ್ಜಿ ಇದೆ. ಸಾಂಪ್ರದಾಯಿಕ ನೋಟಕ್ಕೆ ಅಡ್ಡಿ ಇಲ್ಲ. ಕೋಟು ಹಾಕಿದವರು ಮಾತ್ರ ಅಡ್ಡಿ.

ನನ್ನ ಹೆಂಡತಿ ಜೋರಾಗಿ ಕನ್ನಡದಲ್ಲೇ ಕೇಳಿದಳು, "ಯವ್ವಾ, ಆ ಫೋಟೋ ಇದ್ರ ನಿಮಗೇನ್ ತ್ರಾಸ ಆಕ್ಕೈತಿ?" ಆ ಹೆಣ್ಣುಮಗಳಿಗೆ ಅರ್ಥ ಆಗಲಿಲ್ಲ, ನಮಸ್ತೇ ಅಂತ ನಕ್ಕಳು. ನಾನು? ಮೈಕ್ ಹಿಡಿಯೋನು, ತಹಶೀಲ್ದಾರ್ ಕಚೇರಿ ಮುಂದೆ ಗಂಟಲು ಹರ್ಕೊಳ್ಳೋನು, ಚಹಾದ ಬಟ್ಟಲು ಹಿಡಿದು ಸುಮ್ಮನೆ ಕೂತಿದ್ದೆ. ಅವರ ಮನೆ, ಅವರ ಗಿರಾಕಿ, ನಾನು ಬಾಯಿ ಹಾಕಿ ವ್ಯಾಪಾರ ಕೆಡಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕಂದ್ರೆ ಧೈರ್ಯ ಬರಲಿಲ್ಲ. ಅವರು ಎರಡು ಕೀ ಚೈನು, ಒಂದು ಬೀಸಣಿಗೆ ತಗೊಂಡು ಹೋದರು. ಯಜಮಾನರು ಫೋಟೋ ಮತ್ತೆ ಮೊಳೆಗೆ ಹಾಕಿ, ನನ್ನ ಮುಖ ನೋಡಿ ಹೇಳಿದರು: ಇರಲಿ ಬಿಡು ಭಾಯ್, ಸೀಸನ್‌ನಲ್ಲಿ ಸಾಹೇಬರು ದಿನಕ್ಕೆ ಎರಡು ಮೂರು ಸಲ ಇಳೀತಾರೆ, ಮತ್ತೆ ಹತ್ತುತಾರೆ.

ಇದು ಪ್ರವಾಸಿಗರನ್ನ ಬಯ್ಯೋ ಪೋಸ್ಟ್ ಅಲ್ಲ. ನಾನೂ ಪ್ರವಾಸಿಗನೇ ಆಗಿ ಹೋಗಿದ್ದು, ನನ್ನ ಹತ್ತಿರವೂ ಫೋನ್ ಇತ್ತು, ನಾನೂ ಕನ್ನಡಿ ಗೋಡೆ ಫೋಟೋ ತೆಗೆದೆ. ನನ್ನ ತಕರಾರು ಬೇರೆ. ಆ ಫೋಟೋ ಇಳಿಸಿದ ಮೇಲೆ ಆ ಗೋಡೆ ಯಾವ ವರ್ಷದ್ದು ಅಂತ ಹೇಳಲಿಕ್ಕೆ ಆಗಲ್ಲ. ಸಾವಿರ ವರ್ಷದ ಹಿಂದಿನದೂ ಆಗಬಹುದು. ಕಾಲದಾಚೆಗಿನ ಜನ, ಮುಗ್ಧ ಜನ, ಮಣ್ಣಿನ ಮಕ್ಕಳು. ಬಾಬಾಸಾಹೇಬರು ಗೋಡೆ ಮೇಲೆ ಇದ್ದರೆ ಹಾಗೆ ಹೇಳಲಿಕ್ಕೆ ಬರಲ್ಲ. ಈ ಮನೆಯವರಿಗೆ ಓಟಿದೆ, ಮೀಸಲಾತಿ ಇದೆ, ಕೋರ್ಟು ಕಚೇರಿ ಇದೆ, ಸಿಟ್ಟೂ ಇದೆ ಅಂತ ಆ ಕೋಟು ಹೇಳಿಬಿಡುತ್ತೆ. ಈ ಕೆಲಸ ಇವರ ಕೈಗೆ ಹೆಂಗೆ ಬಂತು ಅನ್ನೋ ಪ್ರಶ್ನೆಯೂ ಅದರ ಹಿಂದೆನೇ ಬರುತ್ತೆ.

ಹೆಂಗೆ ಬಂತು? ಮಾಲಧಾರಿಗಳ ಎಮ್ಮೆ, ದನ ಸತ್ತರೆ ಎಳಕೊಂಡು ಹೋಗಿ, ಸುಲಿದು, ಜಾಲಿ ತೊಗಟೆ ನೀರಲ್ಲಿ ಹದ ಮಾಡೋದು ಮೇಘವಾಳರ ಪಾಲಿನ ಕೆಲಸ ಆಗಿತ್ತು. ಆ ತೊಗಲಿನಿಂದಲೇ ಈ ಚಂದದ ಚೀಲ, ಬೀಸಣಿಗೆ. ಕೆಲಸ ಚಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನ ಅವರು ಆರಿಸಿಕೊಂಡಿದ್ದಲ್ಲ. ಬೇರೆಯವರು ಮುಟ್ಟಲ್ಲ ಅಂದಿದ್ದನ್ನ ಇವರ ಕೈಗೆ ಹಾಕಿದರು, ಇವರು ಅದರಲ್ಲೇ ಕೈಚಳಕ ತೋರಿಸಿದರು. ಇದನ್ನ ಕೈಬಿಟ್ಟು ಬರೀ 'ಪಾರಂಪರಿಕ ಕಲೆ' ಅಂದರೆ ಅರ್ಧ ಸತ್ಯ. ಇನ್ನು ಆದಿವಾಸಿ ಅಂದುಬಿಟ್ಟರೆ ಪೂರ್ತಿ ಸುಳ್ಳು, ನಿಜವಾದ ಆದಿವಾಸಿಗಳಿಗೂ ಅನ್ಯಾಯ. ಆ ಪದ ಬ್ರೋಷರ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಅಸ್ಪೃಶ್ಯ ಅಂತ ಬರೆದರೆ ಯಾರು ಟಿಕೆಟ್ ತಗೋತಾರೆ?

ಮುಂದಿನ ದಿನ ಭುಜೋಡಿಗೆ ಹೋದ್ವಿ. ಭುಜ್‌ನಿಂದ ಎಂಟು ಕಿಲೋಮೀಟರ್ ಇರಬಹುದು. ಅಲ್ಲಿ ವಣಕರರು, ಅಂದರೆ ನೇಕಾರರು. ಅವರೂ ಮೇಘವಾಳರೇ. ಕಚ್ ಶಾಲಿಗೆ ಜಿಐ ಟ್ಯಾಗ್ ಇದೆ. ಹಿಂದೆ ಕುರಿ ಕಾಯೋ ರಬಾರಿಗಳು ಉಣ್ಣೆ ಕೊಡೋರು, ವಣಕರರು ಅವರಿಗೆ ಹೊದಿಕೆ ನೇಯ್ದು ಕೊಡೋರು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಒಬ್ಬ ಹಿರಿಯರು ಹೇಳಿದರು: ತಮ್ಮ ಅಜ್ಜ ನೇಯ್ದಿದ್ದನ್ನ ಬೇರೆ ಜಾತಿಯವರ ಮನೆಗೆ ಒಯ್ದರೆ ಹೊರಗೆ ನೆಲದ ಮೇಲೆ ಇಡಬೇಕಿತ್ತು, ಅವರು ನೀರು ಚಿಮುಕಿಸಿ ಒಳಗೆ ತಗೋತಿದ್ರು ಅಂತ. ನಮ್ಮಜ್ಜನದೂ ಅದೇ. ಗೌಡರ ಹೊಲಕ್ಕೆ ಮಿಣಿ, ಬಾರುಕೋಲು, ಮನೆ ಮಂದಿಗೆಲ್ಲ ಕೆರ ಹೊಲಿದು ಕೊಟ್ಟು, ಸುಗ್ಗಿಯಲ್ಲಿ ಆಯಕ್ಕೆ ಹೋದರೆ ಕಣದ ಅಂಚಲ್ಲಿ ನಿಲ್ಲಬೇಕು. ಜೋಳ ಮೇಲಿಂದ ಸುರೀತಿದ್ರು.

ಆ ಹಿರಿಯರೇ ವೀರ ಮೇಘಮಾಯನ ಕತೆ ಹೇಳಿದ್ದು. ಪಾಟಣದ ರಾಜ ಸಿದ್ಧರಾಜ ಕಟ್ಟಿಸಿದ ಸಹಸ್ರಲಿಂಗ ಕೆರೆಗೆ ನೀರು ನಿಲ್ಲಲಿಲ್ಲ, ನರಬಲಿ ಬೇಕು ಅಂದ್ರು. ಮೇಘಮಾಯ ತಾನೇ ಮುಂದೆ ಬಂದ. ಆದರೆ ಸುಮ್ಮನೆ ಅಲ್ಲ. ನಮ್ಮ ಜನರ ಕುತ್ತಿಗೆಯ ಉಗುಳುವ ಕುಡಿಕೆ, ಸೊಂಟದ ಹಿಂದಿನ ಪೊರಕೆ ತೆಗೀಬೇಕು, ಊರ ಹತ್ತಿರ ಇರಲು ಬಿಡಬೇಕು ಅಂತ ಷರತ್ತು ಹಾಕಿ ಹೋದ ಅಂತ ಅವರ ನಂಬಿಕೆ. ನಾನು ನಮ್ಮ 'ಕೆರೆಗೆ ಹಾರ'ದ ಭಾಗೀರಥಿಯನ್ನ ನೆನೆಸಿಕೊಂಡೆ. ಅವಳು ಏನೂ ಕೇಳಲಿಲ್ಲ ಪಾಪ. ತನ್ನ ತೊಡೆಯ ಚರ್ಮದಲ್ಲಿ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಅಂತ ನಾವು ಹೇಳೋ ಹರಳಯ್ಯನೂ ಹೆಚ್ಚುಕಮ್ಮಿ ಅದೇ 12ನೇ ಶತಮಾನದವನು. ಕಚ್‌ನಿಂದ ಕಲ್ಯಾಣಕ್ಕೆ ಎಷ್ಟು ದೂರ! ಎರಡೂ ಕಡೆ ನಮ್ಮವರ ಮೈಯೇ ಕತೆ ಆಗಿದೆ.

ನಾನು ಆ ಹಿರಿಯರ ಮುಂದೆ ಉಪನ್ಯಾಸ ಶುರು ಮಾಡಿದೆ. ನೀವು ಶಾಲಿನ ಜೊತೆ ನಿಮ್ಮ ಸಮಾಜದ ಹೆಸರು, ಈ ಇತಿಹಾಸ ಎಲ್ಲ ಬರೆದು ಕೊಡಬೇಕು, ಮುಚ್ಚಿಡಬಾರದು ಅಂತ. ಅವರು ಲಾಳಿ ನಿಲ್ಲಿಸಲಿಲ್ಲ. ನಿನಗೆ ಒಂದನೇ ತಾರೀಕು ಸಂಬಳ ಬರುತ್ತೆ ಅಲ್ವಾ ಅಂದರು. ಬರುತ್ತೆ ಅಂದೆ. ನನಗೆ ಶಾಲು ಮಾರಿದರೆ ಬರುತ್ತೆ. ದೊಡ್ಡ ಊರಿಂದ ಬರೋ ಖರೀದಿದಾರ ನನ್ನನ್ನ ಆರ್ಟಿಸನ್ ಅಂತಾನೆ, ಮಗನನ್ನ ಡಿಸೈನರ್ ಅಂತಾನೆ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡ್ತಾನೆ. ನೀನು ಬಂದು ದಲಿತ ಅಂತೀಯ. ನೂರಾರು ವರ್ಷ ಜಾತಿಯಿಂದಲೇ ಕರೆಸಿಕೊಂಡಿದ್ದೀವಿ, ಈಗ ಹತ್ತು ವರ್ಷ ಹೆಸರಿಂದ ಕರೆಸಿಕೊಳ್ತೀವಿ ಬಿಡು ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಹೇಳಬೇಕಾ ಬೇಡವಾ ಅನ್ನೋದು ಅವರ ಹಕ್ಕು, ಸಂಬಳದ ಕುರ್ಚಿ ಮೇಲೆ ಕೂತ ನಾನು ಅವರ ಪರವಾಗಿ ತೀರ್ಮಾನ ಮಾಡಕ್ಕಾಗಲ್ಲ. ಆದರೆ ಅವರು ಹೇಳದೆ ಇರೋದು ಬೇರೆ, ಬೇರೆಯವರು ಅಳಿಸೋದು ಬೇರೆ. ಗೋಡೆ ಮೇಲೆ ಫೋಟೋ ಹಾಕದೆ ಇದ್ದರೆ ಅದು ಅವರಿಷ್ಟ. ಹಾಕಿದ್ದನ್ನ ಇಳಿಸಿ ಅನ್ನೋಕೆ ನೀವು ಯಾರು? ಇನ್ನು ಜಾತಿ ಹೋಗಿಬಿಟ್ಟಿದೆ, ಈಗ ಕಲೆ ಮಾತ್ರ ಉಳಿದಿದೆ ಅನ್ನೋರಿಗೆ ಒಂದು ಮಾತು. ಇದೇ ಕಚ್ ಜಿಲ್ಲೆಯ ಭಚಾವ್ ತಾಲೂಕಿನ ನೇರ್ ಅನ್ನೋ ಊರಲ್ಲಿ 2021ರ ಅಕ್ಟೋಬರ್‌ನಲ್ಲಿ ದೇವಸ್ಥಾನಕ್ಕೆ ಹೋದರು ಅಂತ ಒಂದು ದಲಿತ ಕುಟುಂಬವನ್ನ ಗುಂಪು ಕಟ್ಟಿಕೊಂಡು ಹೊಡೆದರು. ಉತ್ಸವದ ರಸ್ತೆಯಿಂದ ಅದೇನು ಬಹಳ ದೂರ ಅಲ್ಲ.

ನಮ್ಮ ಮನೆ ಕತೆಗೆ ಬರ್ತೀನಿ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿ ನಮ್ಮ ಕೊಲ್ಹಾಪುರಿ ಚಪ್ಪಲಿ ಥರದ್ದನ್ನ ರ‍್ಯಾಂಪ್ ಮೇಲೆ ನಡೆಸಿತಲ್ಲ, ಆಗ ದೇಶವೇ ಎದ್ದು ಕೂತಿತು. ಭಾರತದ ಪರಂಪರೆ ಕದ್ದರು ಅಂತ. ಎಷ್ಟು ಜನ ಸಮಗಾರ, ಢೋರ, ಚಮ್ಮಾರ ಅನ್ನೋ ಪದ ಬರೆದರು? ನಾನು ಓದಿದ್ದರಲ್ಲಿ ಬೆರಳೆಣಿಕೆ. 2019ರಲ್ಲಿ ಆ ಚಪ್ಪಲಿಗೆ ಜಿಐ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕು ಜಿಲ್ಲೆ ಸೇರಿದವು. ಜಿಲ್ಲೆಗಳ ಪಟ್ಟಿ ಎಲ್ಲರ ಬಾಯಲ್ಲಿದೆ, ಮಾಡಿದ ಕೈಗಳ ಪಟ್ಟಿ ಇಲ್ಲ. ಅತ್ತ ಗುಜರಾತ್ 2017ರಲ್ಲಿ ಗೋಹತ್ಯೆಗೆ ಜೀವಾವಧಿ ಅಂತ ಕಾನೂನು ತಂತು, ಇತ್ತ ನಮ್ಮಲ್ಲಿ 2021ರಿಂದ ಹೊಸ ಕಾಯ್ದೆ ಜಾರಿಯಾಯ್ತು. ಸತ್ತ ದನದ ತೊಗಲು ಹೊತ್ತು ಹೋಗೋನಿಗೂ ದಾರಿಯಲ್ಲಿ ಭಯ. ಪರಂಪರೆ ಬೇಕು, ತೊಗಲು ಬೇಡ, ತೊಗಲಿನವನು ಬೇಡ.

ಇಷ್ಟೆಲ್ಲ ಬರೆಯೋ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು, ಇಲ್ಲಾಂದ್ರೆ ಈ ಪೋಸ್ಟ್ ಹಾಕೋ ಯೋಗ್ಯತೆ ನನಗಿಲ್ಲ. ಕೆಲವು ವರ್ಷದ ಹಿಂದೆ ಮೇಲಧಿಕಾರಿ ಒಬ್ಬರು ನನ್ನ ಕಾಲು ನೋಡಿ, ಎಷ್ಟು ಚಂದ ಚಪ್ಪಲಿ, ಎಲ್ಲಿ ತಗೊಂಡ್ರಿ ಅಂದ್ರು. ಅಥಣಿಯಲ್ಲಿ ಸಾರ್ ಅಂದೆ. ಅಷ್ಟೇ. ಅವು ಅಂಗಡಿಯಲ್ಲಿ ತಗೊಂಡಿದ್ದಲ್ಲ, ನಮ್ಮ ಅಪ್ಪ ಸಾಯೋ ಮುಂಚೆ ಹೊಲಿದ ಕೊನೇ ಜೋಡಿ. ಹನ್ನೆರಡು ವರ್ಷದವನಿದ್ದಾಗ ನಾನು ರಂಪಿಗೆ ಕೈಗೆ ತಗೊಂಡರೆ ಅಪ್ಪ ಕಿತ್ತುಕೊಂಡು, "ಬ್ಯಾಡ ತಮ್ಮಾ, ಇದು ನನ್ನ ಜೊತಿಗೇ ಹೋಗ್ಲಿ, ನೀ ಓದು" ಅಂತಿದ್ದ. ಓದಿದೆ, ಬಿಎ ಮಾಡಿದೆ, ಕುರ್ಚಿ ಸಿಕ್ಕಿತು. ಆ ಕುರ್ಚಿಯಲ್ಲಿ ಕೂತು ಅಪ್ಪನ ಫೋಟೋ ನಾನೇ ಗೋಡೆಯಿಂದ ಇಳಿಸಿದ್ದೆ. ಯಾರೂ ಕೇಳಿರಲೂ ಇಲ್ಲ.

ಅದಕ್ಕೇ ವಾಟ್ಸಾಪ್ ಗ್ರೂಪಿನಲ್ಲಿ ಆ ವಿಡಿಯೋ ಕೆಳಗೆ ನಿನ್ನೆ ರಾತ್ರಿ ಬರೆದೆ: ಇದು ಮೇಘವಾಳರ ಕೇರಿ, ನಮ್ಮ ಹಾಗೆ ಪರಿಶಿಷ್ಟ ಜಾತಿಯವರು, ನಮ್ಮ ಅಪ್ಪನೂ ಇದೇ ಕೆಲಸ ಮಾಡ್ತಿದ್ದ. ಇಬ್ಬರು ಕೈ ಮುಗಿದ ಗುರುತು ಹಾಕಿದ್ದಾರೆ. ಉಳಿದವರು ನೋಡಿದ್ದಾರೆ, ನೀಲಿ ಗೆರೆ ಬಂದಿದೆ.

ಕಚ್‌ಗೆ ಹೋಗೋರು ಖಂಡಿತ ಹೋಗಿ. ಡಿಸೆಂಬರ್, ಜನವರಿ ಒಳ್ಳೇ ಕಾಲ. ಗಡಿ ಪ್ರದೇಶ, ಪರ್ಮಿಟ್ ಬೇಕು, ಆಧಾರ್ ಕಾರ್ಡ್ ಇಟ್ಕೊಳ್ಳಿ. ದೊಡ್ಡ ರಸ್ತೆ ಬಿಟ್ಟು ಒಳಗೆ ಹೋಗಿ, ಮನೆಯಲ್ಲೇ ಕೊಂಡುಕೊಳ್ಳಿ, ಚೌಕಾಸಿ ಮಾಡಬೇಡಿ. ಯಾರು ಮಾಡಿದ್ದು ಅಂತ ಹೆಸರು ಕೇಳಿ ಬರಕೊಳ್ಳಿ. ಫೋಟೋ ತೆಗೆಯುವಾಗ ಗೋಡೆ ಹೇಗಿದೆಯೋ ಹಾಗೇ ತೆಗೀರಿ, ಟಿವಿ ವೈರು ಸಮೇತ.

ಆ ತೊಗಲಿನ ಕೆಲಸದ ಕಾಕಾ ಹೋದ ತಿಂಗಳು ಫೋನ್ ಮಾಡಿದ್ದರು. ನಮ್ಮ ಕಡೆಯ ಚಪ್ಪಲಿಯ ಹೆಣಿಗೆ ಹೆಂಗಿರುತ್ತೆ ಅಂತ ಬಿಚ್ಚಿ ನೋಡಬೇಕಂತೆ. ಕಾಗದದ ಮೇಲೆ ಕಾಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಫೋಟೋ ಕಳಿಸಿದ್ದಾರೆ, ಒಂಬತ್ತು ನಂಬರ್. ಅಪ್ಪನ ರಂಪಿಗೆ ಈಗ ನಮ್ಮ ಚಿಕ್ಕಪ್ಪನ ಹತ್ತಿರ ಇದೆ. ಈ ಭಾನುವಾರ ಊರಿಗೆ ಹೋಗಿ ಅಳತೆ ಕೊಟ್ಟು ಬರ್ತೀನಿ.